ಮೀನಿನ ತೊಟ್ಟಿಯ ಪರ್ಲ್ ವೀಡ್ ಗಿಡ ನೆಲಕ್ಕೆ ಹರಡದೆ ಮೇಲಕ್ಕೇ ಎದ್ದು ಹೋಗುತ್ತಿದೆ, ಏನು ಮಾಡಲಿ?

ಡೊಂಬಿವಲಿ_ಅಂಕೋಲೆ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಡೊಂಬಿವಲಿ ಪೂರ್ವದಲ್ಲಿ, ಊರು ಅಂಕೋಲೆ ಹತ್ತಿರ. ಇಲ್ಲಿ ಕೇಳುತ್ತಿರುವುದು ಇದೇ ಮೊದಲು. ಉದ್ದವಾದರೂ ಪೂರ್ತಿ ವಿವರ ಬರೆಯುತ್ತೇನೆ, ಇಲ್ಲದಿದ್ದರೆ ನೀವೇ ಮತ್ತೆ ಮತ್ತೆ ಕೇಳಬೇಕಾಗುತ್ತದೆ.

ಫೆಬ್ರವರಿಯಲ್ಲಿ ನಮ್ಮ ಮಾವನವರಿಗೆ ಪಾರ್ಶ್ವವಾಯು ಬಡಿಯಿತು. ಎಡಗೈ, ಎಡಗಾಲು ಇನ್ನೂ ಪೂರ್ತಿ ಸ್ವಾಧೀನಕ್ಕೆ ಬಂದಿಲ್ಲ. ನಾನು, ನನ್ನ ಗಂಡ ಇಬ್ಬರೂ ಬೆಳಗ್ಗಿನ ಲೋಕಲ್ ಹಿಡಿದರೆ ಮನೆ ಸೇರುವುದು ರಾತ್ರಿ ಎಂಟಕ್ಕೆ. ಅಲ್ಲಿಯವರೆಗೆ ಮನೆಯಲ್ಲಿ ಅತ್ತೆ, ಮಾವ ಇಬ್ಬರೇ, ಮಾವ ಹಾಲ್‌ನ ಕುರ್ಚಿಯಲ್ಲೇ. ಟಿವಿ ನೋಡಿದರೆ ಕಣ್ಣು ಉರಿಯುತ್ತದೆ ಅನ್ನುತ್ತಾರೆ. ಹಾಗಾಗಿ ಅವರ ಕಣ್ಣಿಗೆ ನೇರ ಬೀಳುವ ಹಾಗೆ ಒಂದು ಮೀನಿನ ತೊಟ್ಟಿ ಇಟ್ಟೆವು. ಎರಡಡಿ ಉದ್ದ, ಒಂದಡಿ ಅಗಲ, ಹದಿನಾಲ್ಕು ಇಂಚು ಎತ್ತರ. ಮರಳು ಹೋಗಿ 55 ಲೀಟರ್ ನೀರು ಹಿಡಿಯುತ್ತದೆ. ಎಂಟು ಗಪ್ಪಿ, ಎರಡು ಗೋಲ್ಡ್‌ಫಿಶ್ ಬಿಟ್ಟೆವು. ವಾರ ಕಳೆಯುವುದರೊಳಗೆ ಮಾವ ಹೇಳಿದರು: "ಕೆಳಗೆ ಬರೀ ಹೊಯ್ಗೆ ಕಾಣ್ತದೆ. ಅಲ್ಲಿ ಹಸಿರಿದ್ದಿದ್ರೆ ಗದ್ದೆ ನೋಡ್ದಾಂಗೆ ಆಗ್ತಿತ್ತು." ಊರಿನ ಗದ್ದೆ ಗೇಣಿಗೆ ಕೊಟ್ಟು ಹತ್ತು ವರ್ಷದ ಮೇಲಾಯಿತು. ಆ ಮಾತು ಕೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ.

ಮರುವಾರ ಕುರ್ಲಾದ ಮೀನಿನ ಮಾರುಕಟ್ಟೆಗೆ ಹೋಗಿ ಕಾರ್ಪೆಟ್ ಆಗುವ, ಅಂದರೆ ನೆಲಕ್ಕೆ ಹಾಸಿದ ಹಾಗೆ ಹರಡುವ ಗಿಡ ಕೇಳಿದೆ. ಒಬ್ಬ ಅಂಗಡಿಯವ ಪರ್ಲ್ ವೀಡ್ ಅಂತ ಆರು ಕಟ್ಟು ಕೊಟ್ಟ, ಒಂದೊಂದು ಕಟ್ಟಿಗೂ ಬುಡದಲ್ಲಿ ಸೀಸದ ಪಟ್ಟಿ ಸುತ್ತಿತ್ತು. "ನೆಟ್ಟುಬಿಡಿ, ತಿಂಗಳಲ್ಲಿ ನೆಲ ಮುಚ್ಚುತ್ತದೆ" ಎಂದ. ಕಟ್ಟು ಬಿಚ್ಚದೆ ಆರು ಕಡೆ ಹಾಗೇ ಹೂತೆ. ಈಗ ಎರಡು ತಿಂಗಳು ಹತ್ತಿರ ಬಂತು. ಗಿಡ ಸತ್ತಿಲ್ಲ, ಬೆಳೆಯುತ್ತಿದೆ, ಆದರೆ ನೆಲ ಬಿಟ್ಟು ಮೇಲಕ್ಕೇ ಹೋಗುತ್ತಿದೆ. ಆರು ಪೊರಕೆ ನೆಟ್ಟ ಹಾಗೆ ಕಾಣುತ್ತದೆ. ಎತ್ತರ ಸುಮಾರು 15 ಸೆಂಟಿಮೀಟರ್. ತುದಿ ಚೆನ್ನಾಗಿ ಹಸಿರಿದೆ, ಬುಡದ ಎಲೆ ಹಳದಿಯಾಗಿ ಉದುರುತ್ತಿದೆ. ಎಳೆ ಎಳೆಯಾದ ಪಾಚಿ ಸುತ್ತಿಕೊಂಡಿದೆ. ಹೋದ ವಾರ ಒಂದು ಕಟ್ಟು ಬುಡ ಸಮೇತ ಕಿತ್ತು ಮೇಲೆ ತೇಲಿತು. ಅಡುಗೆಮನೆ ಕತ್ತರಿಯಿಂದ ಒಮ್ಮೆ ತುದಿ ಕತ್ತರಿಸಿದೆ, ತುಂಡುಗಳೆಲ್ಲ ಫಿಲ್ಟರ್‌ಗೆ ಹೋಗಿ ಸಿಕ್ಕಿಕೊಂಡವು.

ಉಳಿದ ವಿವರ: ಎಲ್ಇಡಿ ದೀಪ ಬೆಳಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ಉರಿಯುತ್ತದೆ, ಮಾವನವರಿಗೆ ಕಾಣಲಿ ಅಂತ. ನೆಲಕ್ಕೆ ಕಟ್ಟಡದ ಕೆಲಸದ ಮರಳು ಜಾಲಿಸಿ ತೊಳೆದು ಎರಡು ಸೆಂಟಿಮೀಟರ್ ಹಾಕಿದ್ದೇನೆ. ಕಾರ್ಬನ್ ಡೈಆಕ್ಸೈಡ್ ಕೊಡುತ್ತಿಲ್ಲ, ಗೊಬ್ಬರವೂ ಇಲ್ಲ. ನೀರು ನಗರಪಾಲಿಕೆಯದು, ಮೇ ತಿಂಗಳಾದ್ದರಿಂದ ಸೊಸೈಟಿಗೆ ಕೆಲವು ದಿನ ಟ್ಯಾಂಕರ್ ಬರುತ್ತದೆ. ಥರ್ಮಾಮೀಟರ್ ಮಧ್ಯಾಹ್ನ 32 ತೋರಿಸುತ್ತದೆ.

ತಪ್ಪು ಎಲ್ಲಾಗಿದೆ? ಇನ್ನೂ ಜೋರಾದ ದೀಪ ತರಬೇಕೇ? ಅಥವಾ ಈ ಗಿಡವೇ ಬೇರೆಯೇ?

ಮಾಟುಂಗ_ಶಂಕರಪುರ:

ತಂಗಿ, ಗಿಡ ಸರಿಯಾಗಿಯೇ ಇದೆ, ದೀಪ ಬದಲಾಯಿಸುವ ಖರ್ಚಿಗೆ ಹೋಗಬೇಡಿ. ಪರ್ಲ್ ವೀಡ್ ಸ್ವಭಾವದಲ್ಲೇ ಕಾಂಡದ ಗಿಡ. ಗರಿಕೆಯ ಹಾಗೆ ತಾನಾಗಿ ನೆಲದಲ್ಲಿ ಹರಿದುಕೊಂಡು ಹೋಗುವ ಜಾತಿಯಲ್ಲ. ಬಿಟ್ಟರೆ ಬೆಳಕಿನ ಕಡೆಗೆ ಏಳುತ್ತದೆ. ಅದನ್ನು ಹಾಸು ಮಾಡುವುದು ಕತ್ತರಿ. ನಿಮಗೆ ಕೊಟ್ಟವರು ಈ ಒಂದು ಮಾತು ಹೇಳಬೇಕಿತ್ತು.

ನಾನು ಹುಟ್ಟಿದ್ದು ಉಡುಪಿ ಹತ್ತಿರ ಶಂಕರಪುರದ ಪಕ್ಕದ ಹಳ್ಳಿಯಲ್ಲಿ. ಮನೆಯ ಅಂಗಳದ ತುಂಬ ಮಲ್ಲಿಗೆ. ಅಮ್ಮ ವರ್ಷಕ್ಕೊಮ್ಮೆ ಗಿಡ ಸವರುವಾಗ ನನಗೆ ಅಳು ಬರುತ್ತಿತ್ತು, ಅಷ್ಟು ಒಳ್ಳೆಯ ಬಳ್ಳಿಯನ್ನು ಕಡಿದು ಬೋಳು ಮಾಡುತ್ತಾರಲ್ಲ ಅಂತ. ಆಮೇಲೆ ನೋಡಿದರೆ ಕಡಿದ ಒಂದೊಂದು ಗೆಣ್ಣಿನಿಂದ ಎರಡೆರಡು ಕವಲು. ಮುಂಬಯಿಗೆ ಬಂದು ನಲವತ್ತು ವರ್ಷವಾಯಿತು, ಅದರಲ್ಲಿ ಇಪ್ಪತ್ತು ವರ್ಷದಿಂದ ಗಿಡದ ತೊಟ್ಟಿ ಇಟ್ಟಿದ್ದೇನೆ, ಪರ್ಲ್ ವೀಡ್ ಕತ್ತರಿಸಲು ಕೂತಾಗಲೆಲ್ಲ ಅಮ್ಮನ ಕೈ ನೆನಪಾಗುತ್ತದೆ. ತುದಿ ಹೋದರೆ ಕೆಳಗಿನ ಗೆಣ್ಣುಗಳಲ್ಲಿ ಮಲಗಿದ್ದ ಮೊಗ್ಗು ಎಚ್ಚರಾಗುತ್ತದೆ. ಅದರಲ್ಲಿ ಕೆಲವು ಅಡ್ಡಕ್ಕೆ ಚಾಚಿ ಮರಳಿಗೆ ತಾಗಿದಲ್ಲಿ ಬೇರು ಬಿಡುತ್ತವೆ. ಹಾಸು ಕಟ್ಟುವುದು ಹೀಗೆ.

ಈಗ ನೀವು ಮಾಡಬೇಕಾದ್ದು. ಆರೂ ಕಟ್ಟನ್ನು ಮೇಲಕ್ಕೆ ತೆಗೆಯಿರಿ, ಸೀಸದ ಪಟ್ಟಿ ಬಿಚ್ಚಿ. ಕಟ್ಟಿನ ನಡುವೆ ಬೆಳಕೂ ಹೋಗುವುದಿಲ್ಲ, ನೀರೂ ಆಡುವುದಿಲ್ಲ, ಬುಡ ಹಳದಿಯಾದದ್ದು ಬಹುಪಾಲು ಅದರಿಂದಲೇ. ಹಳದಿ ಭಾಗ ಕತ್ತರಿಸಿ ಎಸೆಯಿರಿ. ಉಳಿದ ಹಸಿರು ಕಾಂಡವನ್ನು ನಾಲ್ಕು ಸೆಂಟಿಮೀಟರ್ ತುಂಡು ಮಾಡಿ. ನೇಜಿ ನೆಡುವ ಹಾಗೆ ಮೂರು ಮೂರು ಕಡ್ಡಿಯ ಸಣ್ಣ ಹಿಡಿ ಕಟ್ಟಿಕೊಳ್ಳಿ. ನಿಮ್ಮ ಮಾವನವರು ಗದ್ದೆ ಮಾಡಿದವರು, ಅವರಿಗೆ ಇದನ್ನು ಯಾರೂ ಹೇಳಿಕೊಡುವುದು ಬೇಡ. ಒಂದು ಹಿಡಿಗೂ ಇನ್ನೊಂದಕ್ಕೂ ಮೂರು ಸೆಂಟಿಮೀಟರ್ ಅಂತರ. ತೊಟ್ಟಿಯ ಮುಂದಿನ ಅರ್ಧಕ್ಕೆ ಸುಮಾರು ನೂರು ಹಿಡಿ ಬೇಕಾಗುತ್ತದೆ. ನಿಮ್ಮಲ್ಲಿರುವ ಕಾಂಡದಲ್ಲಿ ಅಷ್ಟಾಗುತ್ತದೆ, ಹೊಸದು ಕೊಳ್ಳಬೇಡಿ.

ನೆಡುವಾಗ ಉದ್ದನೆಯ ಚಿಮಟ ಬೇಕೇ ಬೇಕು, ಬೆರಳಿನಿಂದ ಆಗುವ ಕೆಲಸವಲ್ಲ. ಕಡ್ಡಿಯ ಬುಡ ಹಿಡಿದು ಓರೆಯಾಗಿ ಮರಳಿಗೆ ತೂರಿಸಿ, ಅರ್ಧಕ್ಕಿಂತ ಹೆಚ್ಚು ಒಳಗೆ ಹೋಗಲಿ, ಆಮೇಲೆ ಚಿಮಟವನ್ನು ಸ್ವಲ್ಪ ಅಲುಗಿಸಿ ಮೆಲ್ಲ ಎಳೆಯಿರಿ. ನೇರಕ್ಕೆ ಎಳೆದರೆ ಗಿಡವೂ ಜೊತೆಗೆ ಬರುತ್ತದೆ. ತೊಟ್ಟಿಯ ನೀರನ್ನು ಒಂದು ಗೇಣಿಗೆ ಇಳಿಸಿಕೊಂಡು ನೆಟ್ಟರೆ ಕೈಗೆ ಸುಲಭ. ಎರಡು ಸೆಂಟಿಮೀಟರ್ ಮರಳು ಸಾಲದು, ಒಂದೆರಡು ಮಿಲಿಮೀಟರ್ ಕಾಳಿನ ಸಣ್ಣ ಮರಳು ಹಾಕಿ ನಾಲ್ಕಕ್ಕೆ ಏರಿಸಿ. ದಪ್ಪ ಕಲ್ಲಿನಲ್ಲಿ ಈ ಕೂದಲಿನಂಥ ಬೇರು ಹಿಡಿತ ಕಾಣುವುದಿಲ್ಲ. ಮರಳಿನಲ್ಲಿ ಸಾರ ಇರುವುದಿಲ್ಲವಾದ್ದರಿಂದ ಬೇರಿಗೆ ಇಡುವ ಗೊಬ್ಬರದ ಗುಳಿಗೆ ನಾಲ್ಕು ನಾಲ್ಕು ಇಂಚಿಗೊಂದು ಹೂತಿಡಿ. ನೀರಿಗೂ ವಾರಕ್ಕೊಮ್ಮೆ ದ್ರವಗೊಬ್ಬರ ಹಾಕಿ, ಬಾಟಲಿಯ ಮೇಲೆ ಬರೆದ ಅಳತೆಯ ಅರ್ಧದಿಂದ ಶುರು ಮಾಡಿ. ಈ ಗಿಡ ನೀರಿನಿಂದಲೂ ಚೆನ್ನಾಗಿ ಉಣ್ಣುತ್ತದೆ.

ಹನ್ನೊಂದು ಗಂಟೆ ಬೆಳಕು ತುಂಬ ಜಾಸ್ತಿ. ಗಿಡ ಅಷ್ಟನ್ನು ಬಳಸಲಾರದು, ಮಿಕ್ಕದ್ದು ಪಾಚಿಯ ಪಾಲು. ಏಳು ಗಂಟೆ ಸಾಕು. ಟೈಮರ್ ಹಾಕಿ, ಮಾವನವರು ಹೆಚ್ಚು ಹೊತ್ತು ಕೂರುವ ಸಮಯಕ್ಕೆ ಹೊಂದಿಸಿಕೊಳ್ಳಿ. ಗಿಡ ಒಪ್ಪಿಕೊಂಡು ಪಾಚಿ ಇಳಿದ ಮೇಲೆ ಎಂಟಕ್ಕೆ ಏರಿಸಬಹುದು. ಕಿಟಕಿಯ ಬಿಸಿಲು ತೊಟ್ಟಿಗೆ ಬೀಳುತ್ತಿದ್ದರೆ ಪರದೆ ಎಳೆಯಿರಿ.

ಗೋಲ್ಡ್‌ಫಿಶ್ ಮತ್ತು ಹಾಸು ಒಂದೇ ತೊಟ್ಟಿಯಲ್ಲಿ ಉಳಿಯುವುದಿಲ್ಲ. ಅವು ಮರಳು ಬಾಯಿಗೆ ಹಾಕಿ ಉಗುಳುವ ಮೀನು, ಎಳೆ ಗಿಡ ತಿನ್ನುತ್ತವೆ ಕೂಡ. ನಿಮ್ಮ ಕಟ್ಟು ಕಿತ್ತದ್ದು ಬಹುಶಃ ಅವೇ. 55 ಲೀಟರ್ ಅವಕ್ಕೂ ಸಾಲದು, ದೊಡ್ಡ ತೊಟ್ಟಿ ಇರುವ ಯಾರಿಗಾದರೂ ಕೊಡಿ. ಗಪ್ಪಿ ಇರಲಿ. ಆರು ವಾರ ಕಳೆದ ಮೇಲೆ ಹತ್ತು ಚೆರ್ರಿ ಸೀಗಡಿ ಬಿಟ್ಟರೆ ಎಲೆಯ ಮೇಲಿನ ಪಾಚಿ ಕೆರೆದು ತಿನ್ನುತ್ತಾ ಇರುತ್ತವೆ, ನೋಡಲಿಕ್ಕೂ ಚಂದ.

ಇನ್ನು ಕತ್ತರಿಯ ವಿಷಯ, ಇದರಲ್ಲಿ ಮಾತ್ರ ಮನಸ್ಸು ಗಟ್ಟಿ ಮಾಡಿ. ಗಿಡ ಐದು ಸೆಂಟಿಮೀಟರ್ ಆದ ಕೂಡಲೇ ಎರಡಕ್ಕೆ ಕತ್ತರಿಸಿ. ಮೊದಲ ಸಲ ತೀರಾ ಬೋಳಾಗಿ ಕಾಣುತ್ತದೆ, ಹೆದರಬೇಡಿ. ಎರಡು ಮೂರು ವಾರದಲ್ಲಿ ದಟ್ಟವಾಗಿ ಬರುತ್ತದೆ, ಮತ್ತೆ ಕತ್ತರಿಸಿ. ಮೂರನೆಯ ಸಲದ ಹೊತ್ತಿಗೆ ಮರಳು ಕಾಣುವುದಿಲ್ಲ. ಬಾಗಿದ ಕತ್ತರಿ ಇದ್ದರೆ ಮಟ್ಟಸ ಬರುತ್ತದೆ. ಫಿಲ್ಟರ್ ನಿಲ್ಲಿಸಿ ಕತ್ತರಿಸಿ, ತೇಲಿದ್ದನ್ನೆಲ್ಲ ಬಲೆಯಿಂದ ಬಳಿದು ತೆಗೆದ ಮೇಲೆ ಫಿಲ್ಟರ್ ಹಾಕಿ, ಮೂರನೇ ಒಂದು ಪಾಲು ನೀರು ಬದಲಿಸಿ. ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ಹನಿ ಮರೆಯಬೇಡಿ.

ಹಾಸು ಚೆನ್ನಾಗಿ ಬಂತು ಅಂತ ಬಿಟ್ಟುಬಿಡುವ ತಪ್ಪನ್ನು ನಾನು ಮಾಡಿದ್ದೇನೆ. 2019ರ ಮಳೆಗಾಲದಲ್ಲಿ ಊರಿಗೆ ಹೋಗಿ ತಿಂಗಳು ಕೂತೆ. ವಾಪಸು ಬರುವಾಗ ಹಾಸು ಒಂದು ಗೇಣು ದಪ್ಪ. ಮೇಲೆ ಹಸಿರು, ಕೆಳಗೆ ಕಂದು. ಮೇಲಿನ ಪದರದ ನೆರಳಿಗೆ ಬುಡ ಕೊಳೆತು ಬೇರಿನ ಹಿಡಿತ ಬಿಟ್ಟಿತ್ತು. ಮುಟ್ಟಿದ ತಕ್ಷಣ ಚಾಪೆ ಸುತ್ತಿದ ಹಾಗೆ ಇಡೀ ಹಾಸು ಎದ್ದು ಬಂತು. ಆ ದಿನ ಪಟ್ಟ ಸಂಕಟ ಇನ್ನೂ ಮರೆತಿಲ್ಲ. ನಾಲ್ಕು ವರ್ಷ ಸಾಕಿದ ಹಾಸು ಅದು. ಈಗ ಐದು ಸೆಂಟಿಮೀಟರ್ ದಾಟಲು ಬಿಡುವುದಿಲ್ಲ, ಊರಿಗೆ ಹೋಗುವ ಹಿಂದಿನ ದಿನ ಕತ್ತರಿಸಿಯೇ ರೈಲು ಹತ್ತುತ್ತೇನೆ.

ಒಂದು ಕೋರಿಕೆ. ಕತ್ತರಿಸಿದ ತುಂಡನ್ನು ಮೋರಿಗೆ, ಕೆರೆಗೆ, ಹೊಳೆಗೆ ಹಾಕಬೇಡಿ. ನಿಮ್ಮ ಕಡೆ ಉಲ್ಹಾಸ್ ನದಿಯನ್ನು ಜಲಪರ್ಣಿ (ವಾಟರ್ ಹಯಸಿಂತ್ ಎಂಬ ತೇಲುವ ಕಳೆ) ಹೇಗೆ ಮುಚ್ಚುತ್ತದೆ ಅಂತ ನೀವು ಕಲ್ಯಾಣದ ಹತ್ತಿರ ನೋಡಿರಬಹುದು. ಅದೂ ದಕ್ಷಿಣ ಅಮೆರಿಕದಿಂದ ಚಂದಕ್ಕೆಂದು ತಂದ ಗಿಡವೇ. ಒಣಗಿಸಿ ಕುಂಡಕ್ಕೆ ಹಾಕಿ, ಇಲ್ಲವೇ ಬೇಕಾದವರಿಗೆ ಕೊಡಿ.

ಪುಣೆ_ವಿಜಯಪುರ:

ನಮಸ್ಕಾರ್ರೀ ಅಕ್ಕಾರ. ನಾ ಕೋಥ್ರೂಡ್‌ನಾಗ ಇರ್ತೀನಿ. ಮಾಟುಂಗದ ಹಿರಿಯರು ಹೇಳಿದ್ದೆಲ್ಲಾ ಖರೇ ಅದ, ಆದ್ರ ಅವರು ಕಾರ್ಬನ್ ಡೈಆಕ್ಸೈಡ್ ಬಗ್ಗೆ ಏನೂ ಬರದಿಲ್ಲ. ಅದಕ್ಕ ನಾ ಬರೀತೀನಿ.

ಗಾಳಿಯಿಂದ ನೀರಿಗೆ ತಾನಾಗೇ ಕರಗೂದು ಒಂದು ಪಿಪಿಎಂಗೂ (ಅಂದ್ರ ಲೀಟರಿಗೆ ಒಂದು ಮಿಲಿಗ್ರಾಂ) ಕಡಿಮಿ. ನಾವು ಸಿಲಿಂಡರ್ ಇಟ್ಟವ್ರು 20ರಿಂದ 30 ಪಿಪಿಎಂ ತನಕಾ ಒಯ್ತೀವಿ. ಎಷ್ಟು ಫರಕ್ ಆತು ನೋಡ್ರಿ. ನನ್ನ ಮನ್ಯಾಗ ಎರಡು ತೊಟ್ಟಿ ಅವ, ಎರಡಕ್ಕೂ ಒಂದೇ ದೀಪ, ಒಂದೇ ಗಿಡ. ಗ್ಯಾಸ್ ಇದ್ದದ್ದು ಐದು ವಾರದಾಗ ನೆಲಾ ಮುಚ್ಚಿತು, ಗೆಣ್ಣು ಗೆಣ್ಣು ಹತ್ರ ಹತ್ರ, ನೆಲಕ್ಕ ಅಂಟಿಕೊಂಡು ಹರದಾಡ್ತದ. ಗ್ಯಾಸ್ ಇಲ್ಲದ್ದಕ್ಕ ನಾಲ್ಕು ತಿಂಗಳು ಹಿಡೀತು. ಅದೂ ಚೊಲೋನ ಆತು, ಇಲ್ಲಂತ ನಾ ಅನ್ನೂದಿಲ್ಲ, ಆದ್ರ ಎಲಿ ದೊಡ್ಡ, ಹಾಸು ಸಡಿಲ. ಅದೂ ಅಲ್ದ ನಿಮ್ಮಲ್ಲೆ 32 ಡಿಗ್ರಿ ಅದ. ನೀರು ಬಿಸಿ ಆದಷ್ಟೂ ಗ್ಯಾಸ್ ಕಡಿಮಿ ಕರಗ್ತದ, ಗಿಡದ ಉಸಿರಾಟದ ಖರ್ಚು ಮಾತ್ರ ಏರ್ತದ.

ಸಿಲಿಂಡರ್ ತುಟ್ಟಿ ಅನ್ನಿಸಿದ್ರ ಸಿಟ್ರಿಕ್ ಆ್ಯಸಿಡ್ ಮತ್ತ ಅಡಗಿ ಸೋಡಾದ್ದು ಎರಡು ಬಾಟ್ಲಿ ಸೆಟ್ ಸಿಗ್ತದ. ಒಂದರಾಗ 200 ಗ್ರಾಂ ಸಿಟ್ರಿಕ್ ಆ್ಯಸಿಡ್ ನೀರಿನಾಗ ಕರಗಿಸಿದ್ದು, ಇನ್ನೊಂದರಾಗ 200 ಗ್ರಾಂ ಸೋಡಾ. ಒತ್ತಡ ಬಿಡೂ ವಾಲ್ವ್ ಇರೂ ಮುಚ್ಚಳಾನ ತಗೋರಿ. ತೊಟ್ಟಿ ನೀರು ಹಿಂದಕ್ಕ ಬರಲಾರದಂಗ ಪೈಪಿಗೆ ತಡಿ ವಾಲ್ವ್ ಹಾಕ್ರಿ. ದೀಪ ಹಚ್ಚೂ ಒಂದೆರಡು ತಾಸು ಮೊದಲ ಶುರು ಮಾಡಿ, ದೀಪ ಆರಿಸೂ ಮುಂದ ಬಂದ್ ಮಾಡಬೇಕು. ನೀರಿನಾಗ ಗ್ಯಾಸ್ ಎಷ್ಟದ ಅಂತ ಬಣ್ಣದಾಗ ತೋರ್ಸೂ ಡ್ರಾಪ್ ಚೆಕರ್ ತೂಗಹಾಕ್ರಿ: ನೀಲಿ ಇದ್ರ ಕಡಿಮಿ, ಹಸಿರು ಇದ್ರ ಸರಿ, ಹಳದಿ ಆತಂದ್ರ ಹೆಚ್ಚಾತು, ಮೀನು ಮ್ಯಾಲ ಬಂದು ಬಾಯಿ ಬಿಡ್ತಾವ.

ಟ್ಯಾಂಕರ್ ನೀರಿಗೆ ಅಂಜಬ್ಯಾಡ್ರಿ. ನಮ್ಮ ಸೊಸೈಟಿಯೊಳಗೂ ಬ್ಯಾಸಿಗ್ಯಾಗ ಬೋರಿನ ಗಡಸು ನೀರೇ ಗತಿ, ಪರ್ಲ್ ವೀಡ್ ಅದಕ್ಕ ಹೊಂದಿಕೊಂಡದ. ಬದಲಿಸೂವಾಗ ಒಮ್ಮೆಲೇ ಅರ್ಧಕ್ಕರ್ಧ ಹಾಕಬ್ಯಾಡ್ರಿ ಅಷ್ಟ.

ಮಾಟುಂಗ_ಶಂಕರಪುರ:

ಪುಣೆಯವರೇ, ಗ್ಯಾಸ್ ಕೊಟ್ಟರೆ ಬೇಗ, ದಟ್ಟವಾಗಿ ಬರುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ನಾನು ಬರೆಯದೆ ಬಿಟ್ಟದ್ದು ಬೇಕೆಂದೇ. ಇವರ ಮನೆಯಲ್ಲಿ ಹಗಲು ಇರುವವರು ಇಬ್ಬರು, ಒಬ್ಬರು ಕುರ್ಚಿ ಬಿಟ್ಟು ಏಳಲಾರದವರು. ಒತ್ತಡದ ಬಾಟಲಿಯನ್ನು ಹೊತ್ತು ಹೊತ್ತಿಗೆ ತೆರೆದು ಮುಚ್ಚಲು ಅಲ್ಲಿ ಯಾರಿದ್ದಾರೆ? ಬಂದ್ ಮಾಡಲು ಮರೆತರೆ ಬೆಳಗ್ಗೆ ಎದ್ದು ಸತ್ತ ಮೀನು ನೋಡಬೇಕಾದವರು ಆ ಹಿರಿಯರು. ನಾಲ್ಕು ತಿಂಗಳು ಹಿಡಿದರೆ ಹಿಡಿಯಲಿ. ಪರ್ಲ್ ವೀಡ್ ಗ್ಯಾಸ್ ಇಲ್ಲದೆಯೂ ಬೆಳೆಯುವ ಕೆಲವೇ ಹಾಸುಗಿಡಗಳಲ್ಲಿ ಒಂದು, ಅದಕ್ಕೇ ಇವರಿಗೆ ಸಿಕ್ಕ ಗಿಡ ಒಳ್ಳೆಯದು ಅಂದೆ.

ಬಿಸಿಯ ಬಗ್ಗೆ ನೀವು ನೆನಪಿಸಿದ್ದು ಒಳ್ಳೆಯದಾಯಿತು. ತಂಗಿ, ಒಂದು ಸಣ್ಣ ಕ್ಲಿಪ್ ಫ್ಯಾನ್ ಅನ್ನು ನೀರಿನ ಮೇಲ್ಮೈಗೆ ಗಾಳಿ ಬೀಸುವ ಹಾಗೆ ಕೂರಿಸಿ. ಎರಡು ಮೂರು ಡಿಗ್ರಿ ಇಳಿಯುತ್ತದೆ. ನೀರು ಆವಿಯಾಗಿ ಕಡಿಮೆಯಾಗುತ್ತದೆ, ಲವಣ ಉಳಿಯುತ್ತದೆ, ಆದ್ದರಿಂದ ದಿನದ ಭರ್ತಿಗೆ ಮನೆಯ ಆರ್‌ಒ ಯಂತ್ರದ ಕುಡಿಯುವ ನೀರು ಹಾಕಿ. ಜೂನ್ ಹಿಡಿದರೆ ಗಾಳಿಯಲ್ಲಿ ತೇವ ಜಾಸ್ತಿಯಾಗಿ ಫ್ಯಾನಿನಿಂದ ಅಷ್ಟು ಪ್ರಯೋಜನ ಆಗದು, ಆದರೆ ಅಷ್ಟರಲ್ಲಿ ಮಳೆಯೇ ತಂಪು ಮಾಡಿರುತ್ತದೆ.

ವಾಸ್ಕೋ_ಕಾರವಾರ:

ಗಿಡ ಯಾವುದು ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಒಂದು ಕಾಂಡ ತೆಗೆದು ಬಿಳಿ ತಟ್ಟೆಯಲ್ಲಿಟ್ಟು ಗೆಣ್ಣಿನ ಸುತ್ತ ಎಲೆ ಎಣಿಸಿ. ಮೂರು ಅಥವಾ ನಾಲ್ಕು ಉದ್ದುದ್ದ ಎಲೆ ಸುತ್ತುಗಟ್ಟಿದ್ದರೆ ಪರ್ಲ್ ವೀಡ್. ಎದುರುಬದುರು ಎರಡೇ ದುಂಡೆಲೆ ಇದ್ದು ಕಾಂಡ ನೆಲಕ್ಕೆ ಹರಿಯುತ್ತಿದ್ದರೆ ಅರ್ಜೆಂಟೀನಾ ಕಡೆಯ ಮಾಂಟೆ ಕಾರ್ಲೊ ಎಂಬ ಗಿಡ. ಎರಡೇ ದುಂಡೆಲೆ ಇದ್ದು ನೆಟ್ಟಗೆ ನಿಂತಿದ್ದರೆ ಮೈಕ್ರಾಂಥಿಮಮ್ ಅಂಬ್ರೋಸಮ್, ಅದರಿಂದ ಹಾಸು ಮಾಡುವ ಆಸೆ ಬಿಡಿ. ಎಲೆ ಸಾಸಿವೆ ಕಾಳಿನಷ್ಟು ಚಿಕ್ಕದಿದ್ದರೆ ಕ್ಯೂಬಾದ ಗಿಡ, ಅದು ಗ್ಯಾಸ್ ಇಲ್ಲದೆ ನಿಮ್ಮ 32 ಡಿಗ್ರಿಯಲ್ಲಿ ಎರಡು ತಿಂಗಳು ಬದುಕುತ್ತಿರಲಿಲ್ಲ.

ಈ ಪರ್ಲ್ ವೀಡ್ ಹೆಸರಿನ ಹಿಂದೆ ಒಂದು ಸಂಗತಿಯಿದೆ, ನನ್ನನ್ನು ಬಹಳ ಕಾಡಿದ್ದು. ದಶಕಗಳ ಕಾಲ ಇದನ್ನು ಹೆಮಿಯಾಂಥಸ್ ಮೈಕ್ರಾಂಥಿಮಾಯ್ಡಿಸ್ ಎಂಬ ಹೆಸರಿನಲ್ಲಿ ಮಾರಿದರು. ಆ ಹೆಸರಿನ ನಿಜವಾದ ಗಿಡ ಅಮೆರಿಕದ ಪೂರ್ವ ಕರಾವಳಿಯಲ್ಲಿ, ಸಮುದ್ರದ ಉಬ್ಬರವಿಳಿತ ಮುಟ್ಟುವ ಸಿಹಿನೀರಿನ ಹೊಳೆಗಳ ಕೆಸರಿನಲ್ಲಿ ಬೆಳೆಯುತ್ತಿತ್ತು. 1941ರ ನಂತರ ಅದು ಯಾರ ಕೈಗೂ ಸಿಕ್ಕಿಲ್ಲ. ನಮ್ಮ ತೊಟ್ಟಿಗಳಲ್ಲಿರುವುದು ಅದರ ಹತ್ತಿರದ ನೆಂಟ, ಫ್ಲಾರಿಡಾದ ಹೆಮಿಯಾಂಥಸ್ ಗ್ಲೊಮೆರಾಟಸ್. ಇಷ್ಟೆಲ್ಲ ಮನೆಗಳಲ್ಲಿ ಬೆಳೆದಿದೆ ಅಂದುಕೊಂಡಿದ್ದ ಗಿಡ ಒಂದು ಮನೆಯಲ್ಲೂ ಇರಲಿಲ್ಲ. ಕಾಳಿ ನದಿಯ ಅಳಿವೆಯಲ್ಲಿ ಅಂಥದ್ದೇ ಕೆಸರಿನ ದಂಡೆ ನೋಡುತ್ತ ಬೆಳೆದ ನನಗೆ, ಅಲ್ಲಿಯ ಎಷ್ಟು ಸಣ್ಣ ಗಿಡಗಳ ಹೆಸರು ನನಗೆ ಗೊತ್ತಿದೆ ಎಂದು ಕೇಳಿಕೊಳ್ಳುವಂತಾಯಿತು.

ಮುಂದೆ ಇನ್ನೊಂದು ತೊಟ್ಟಿ ಮಾಡುವುದಾದರೆ ಮಳೆಗಾಲದಲ್ಲಿ ಒಣ ಆರಂಭ ಮಾಡಿ ನೋಡಿ. ನೀರು ತುಂಬದೆ, ಮಣ್ಣು ಒದ್ದೆಯಿರುವಷ್ಟೇ ಇಟ್ಟು, ಗಿಡ ನೆಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಐದಾರು ವಾರ ಬಿಡುವುದು. ಗಿಡಕ್ಕೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ನೇರ ಸಿಗುತ್ತದೆ, ಪಾಚಿಯ ಕಾಟವಿಲ್ಲ. ಗೋವಾ ಮುಂಬಯಿಗಳ ಜುಲೈ ತೇವಕ್ಕೆ ಹೇಳಿ ಮಾಡಿಸಿದ ವಿಧಾನ. ದಿನಕ್ಕೊಮ್ಮೆ ಹಾಳೆ ಸರಿಸಿ ಗಾಳಿಯಾಡಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಈಗ ಮೀನಿರುವ ತೊಟ್ಟಿಗೆ ಇದು ಆಗದು.

ಡೊಂಬಿವಲಿ_ಅಂಕೋಲೆ:

ಇಷ್ಟು ಪ್ರೀತಿಯಿಂದ ಬರೆದಿದ್ದೀರಿ, ಎಲ್ಲರಿಗೂ ಕೈಮುಗಿಯುತ್ತೇನೆ. ಎಲೆ ಎಣಿಸಿದೆ: ಹೆಚ್ಚಿನ ಗೆಣ್ಣಿನಲ್ಲಿ ಮೂರು, ಕೆಲವಲ್ಲಿ ನಾಲ್ಕು. ಪರ್ಲ್ ವೀಡೇ. ಗ್ಯಾಸ್ ಸದ್ಯಕ್ಕೆ ಬೇಡ ಅಂತ ತೀರ್ಮಾನಿಸಿದೆವು, ಪುಣೆಯವರು ಬೇಸರ ಮಾಡಿಕೊಳ್ಳಬಾರದು. ಈ ಶನಿವಾರ ಎಲ್ಲ ಕಿತ್ತು ನೆಡುತ್ತೇನೆ. ಹೇಗಾಯಿತೆಂದು ಬಂದು ತಿಳಿಸುತ್ತೇನೆ.

ಡೊಂಬಿವಲಿ_ಅಂಕೋಲೆ (ಒಂಬತ್ತು ವಾರದ ನಂತರ):

ಮಾತು ಕೊಟ್ಟಂತೆ ಬರೆಯುತ್ತಿದ್ದೇನೆ. ಗೋಲ್ಡ್‌ಫಿಶ್ ಎರಡನ್ನೂ ಠಾಣೆಯ ಸಹೋದ್ಯೋಗಿಯ ದೊಡ್ಡ ತೊಟ್ಟಿಗೆ ಕೊಟ್ಟೆ. ನೆಟ್ಟದ್ದು ಶನಿವಾರ, ಭಾನುವಾರ ಎರಡು ಸಂಜೆ. ಒದ್ದೆ ಟವೆಲ್ ಮೇಲೆ ಕಾಂಡ ಹರಡಿ ಮಾವನವರ ಮುಂದಿಟ್ಟೆ. ಬಲಗೈಯಲ್ಲಿ ಮೂರು ಮೂರು ಕಡ್ಡಿ ಜೋಡಿಸಿ ಸಾಲಾಗಿ ಇಡುತ್ತಾ ಹೋದರು, ನಾನು ನೆಡುತ್ತಾ ಹೋದೆ. 104 ಹಿಡಿ ಆಯಿತು. "ಸಾಲು ಸೊಟ್ಟ ಆಯ್ತು, ಎಡಕ್ಕೆ ತಗೋ" ಅಂತ ಕುರ್ಚಿಯಿಂದಲೇ ಹೇಳುತ್ತಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಅಷ್ಟು ಮಾತಾಡಿದ್ದು ಅದೇ ಮೊದಲು. ಅತ್ತೆ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

ಮೊದಲ ಹತ್ತು ದಿನ ಏನೂ ಆಗಲಿಲ್ಲ, ಸುಮಾರು ಇಪ್ಪತ್ತು ಹಿಡಿ ಕಿತ್ತು ತೇಲಿದವು, ಮತ್ತೆ ನೆಟ್ಟೆ. ನಾಲ್ಕನೇ ವಾರ ಮೊದಲ ಕತ್ತರಿ ಹಾಕಿದೆ. ನಿಜಕ್ಕೂ ಕೈ ನಡುಗಿತು. ಏಳನೇ ವಾರ ಎರಡನೇ ಸಲ. ಈಗ ಮುಂದಿನ ಅರ್ಧದಲ್ಲಿ ಅಲ್ಲಲ್ಲಿ ಮಾತ್ರ ಮರಳು ಕಾಣುತ್ತದೆ. ಎಳೆ ಪಾಚಿ ಬೆಳಕು ಏಳು ಗಂಟೆಗೆ ಇಳಿಸಿದ ಮೂರು ವಾರದೊಳಗೆ ಕಡಿಮೆಯಾಯಿತು, ಉಳಿದದ್ದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸುತ್ತಿ ತೆಗೆದೆ. ಹೋದ ವಾರ ಹತ್ತು ಸೀಗಡಿ ಬಿಟ್ಟಿದ್ದೇನೆ. ಮಳೆ ಹಿಡಿದ ಮೇಲೆ ನೀರು 28ಕ್ಕೆ ಬಂದಿದೆ. ಮೊನ್ನೆ ನೀರು ಬದಲಿಸಿದ ಸಂಜೆ ಎಲೆ ತುಂಬ ಸಣ್ಣ ಸಣ್ಣ ಗುಳ್ಳೆ ಮುತ್ತಿನ ಹಾಗೆ ಕೂತಿದ್ದವು. ಮಾವ ಅದನ್ನು ನೋಡುತ್ತಾ ಊಟಕ್ಕೂ ಏಳಲಿಲ್ಲ.

ಎರಡು ಸಂದೇಹ ಉಳಿದಿವೆ. ಹೊಸ ಚಿಗುರು ಸ್ವಲ್ಪ ಬಿಳುಚಿದ ಹಳದಿ ಇದೆ, ಕೆಳಗಿನ ಎಲೆ ಚೆನ್ನಾಗಿ ಹಸಿರಿದೆ. ಮೊದಲು ಇದಕ್ಕೆ ತಿರುಗಾಮುರುಗಾ ಇತ್ತು. ಇನ್ನೊಂದು, ಫಿಲ್ಟರ್ ನೀರು ಬೀಳುವ ಮೂಲೆಯಲ್ಲಿ ಗಿಡ ಹಿಡಿಯುತ್ತಲೇ ಇಲ್ಲ.

ಮಾಟುಂಗ_ಶಂಕರಪುರ:

ತಂಗಿ, ಓದಿ ಮನಸ್ಸು ತುಂಬಿ ಬಂತು. ಮಾವನವರಿಗೆ ನನ್ನ ನಮಸ್ಕಾರ ಹೇಳಿ, 104 ಹಿಡಿಯ ಲೆಕ್ಕ ನಾನು ಮರೆಯುವುದಿಲ್ಲ.

ಹೊಸ ಚಿಗುರು ಮಾತ್ರ ಹಳದಿಯಾದರೆ ಕಬ್ಬಿಣ ಕಡಿಮೆ ಇರಬಹುದು. ಕಬ್ಬಿಣವನ್ನು ಗಿಡ ಹಳೆಯ ಎಲೆಯಿಂದ ತೆಗೆದು ಹೊಸದಕ್ಕೆ ಸಾಗಿಸಲಾರದು, ಹಾಗಾಗಿ ಕೊರತೆ ತುದಿಯಲ್ಲಿ ಮೊದಲು ಕಾಣುತ್ತದೆ. ಸಾರಜನಕವನ್ನು ಸಾಗಿಸಬಲ್ಲದು, ಅದು ಕಡಿಮೆಯಾದರೆ ಬುಡದ ಎಲೆ ಮೊದಲು ಹಳದಿಯಾಗುತ್ತದೆ. ನೀವಿನ್ನೂ ಅರ್ಧ ಅಳತೆಯಲ್ಲೇ ಇದ್ದರೆ ಪೂರ್ತಿ ಅಳತೆಗೆ ಬನ್ನಿ, ಗೊಬ್ಬರದಲ್ಲಿ ಕಬ್ಬಿಣ ಇದೆಯೇ ಎಂದು ಬಾಟಲಿ ಓದಿ. ಈಗಾಗಲೇ ಬಿಳುಚಿದ ಎಲೆ ನೋಡಬೇಡಿ, ಎರಡು ವಾರದ ನಂತರ ಬರುವ ಚಿಗುರು ನೋಡಿ.

ಮೂಲೆಗೆ, ಫಿಲ್ಟರ್‌ನ ಬಾಯಿಯನ್ನು ಗಾಜಿನ ಕಡೆಗೆ ತಿರುಗಿಸಿ ನೀರಿನ ರಭಸ ಒಡೆಯಿರಿ. ಆಮೇಲೆ ಅಲ್ಲಿ ನಾಲ್ಕು ದೊಡ್ಡ ಹಿಡಿ ನೆಟ್ಟು, ಬುಡಕ್ಕೆ ಸಣ್ಣ ಕಲ್ಲು ಒತ್ತಾಗಿ ಇಡಿ. ಬೇರು ಹಿಡಿದ ಮೇಲೆ ಕಲ್ಲು ತೆಗೆಯಿರಿ.

ಪುಣೆಯವರು ಈಗೇನು ಹೇಳುತ್ತಾರೋ ಕೇಳಬೇಕು.

ಪುಣೆ_ವಿಜಯಪುರ:

ಗ್ಯಾಸ್ ಇಲ್ಲದ ಒಂಬತ್ತು ವಾರದಾಗ ಇಷ್ಟು ಆಗ್ತದಂತ ನಾ ತಿಳಿದಿರಲಿಲ್ಲ. ಒಪ್ಪಿದೆ ಹಿರಿಯರ. ನನ್ನ ಗ್ಯಾಸ್ ಇಲ್ಲದ ತೊಟ್ಟಿಗೆ ನಾಲ್ಕು ತಿಂಗಳು ಹಿಡಿದದ್ದು ಹಿಡಿ ಹಿಡಿ ದೂರ ನೆಟ್ಟಿದ್ದಕ್ಕ ಇರಬೇಕು, ಎರಡೆರಡು ಇಂಚು ಬಿಟ್ಟಿದ್ದೆ. ಅಕ್ಕಾರ, ನೀರು ಬದಲಿಸಿದ ಕೂಡಲೇ ಕಾಣೂ ಗುಳ್ಳಿ ಎಲ್ಲಾನೂ ಗಿಡ ಬಿಟ್ಟದ್ದಲ್ಲ, ನಲ್ಲಿ ನೀರಿನಾಗ ಕರಗಿದ್ದ ಗಾಳಿನೂ ಹಂಗ ಅಂಟತದ. ನೀರು ಬದಲಿಸಲಾರದ ದಿನ, ದೀಪ ಹಚ್ಚಿ ನಾಲ್ಕೈದು ತಾಸಾದ ಮ್ಯಾಲ ಗುಳ್ಳಿ ಬಂದ್ರ ಅದು ಗಿಡದ ಆಮ್ಲಜನಕ. ಆ ಹೊತ್ತಿಗೆ ಮಾವನವರನ್ನ ನೋಡ್ಲಿಕ್ಕ ಹೇಳ್ರಿ.

ಡೊಂಬಿವಲಿ_ಅಂಕೋಲೆ:

ಹೇಳಿದೆ. ದೀಪ ಹನ್ನೊಂದಕ್ಕೆ ಹತ್ತುತ್ತದೆ, ಮೂರೂವರೆಯಿಂದ ನೋಡುತ್ತಾ ಕೂತಿದ್ದರಂತೆ, ನಾಲ್ಕಕ್ಕೆ ಬಲಬದಿಯಲ್ಲಿ ಬಂತು ಅಂತ ಅತ್ತೆಯ ಕೈಯಲ್ಲಿ ಫೋನ್ ಮಾಡಿಸಿದರು.

ಮುಂದಿನ ಭಾನುವಾರ ಮೂರನೇ ಸಲ ಕತ್ತರಿಸುತ್ತೇನೆ. ನಮಗೆ ಬೇಕಾದ್ದು ನೆಟ್ಟು ಎರಡು ಡಬ್ಬಿಯಷ್ಟು ತುದಿ ಮಿಗುತ್ತದೆ. ಡೊಂಬಿವಲಿ, ಕಲ್ಯಾಣ, ಠಾಣೆ ಕಡೆಯವರಿಗೆ ಬೇಕಿದ್ದರೆ ಇಲ್ಲೇ ತಿಳಿಸಿ, ಸೋಮವಾರ ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಸ್ಟೇಷನ್ನಿಗೆ ತರುತ್ತೇನೆ. ದುಡ್ಡು ಬೇಡ.